ಲಿನಕ್ಸ್‌ನಲ್ಲಿ ಅಳಿಸಿದ ಫೈಲ್ ಮತ್ತೆ ಮತ್ತೆ ಬರ್ತಿದೆಯಾ? ಮೊದಲು ಬರೆಯುವವನನ್ನು ಹಿಡಿಯಿರಿ

ಬದಿಯಡ್ಕ, ಕುಂಬಳೆ, ಪೆರ್ಲ ಕಡೆಯವರಿಗೆ ಲಿನಕ್ಸ್ ಹೊಸದೇನಲ್ಲ. ಕೇರಳದ ಶಾಲೆಗಳಲ್ಲಿ ಮಕ್ಕಳು ಕಲಿಯುವುದೇ ಉಬುಂಟು ಆಧರಿಸಿದ ಕೈಟ್ ಲಿನಕ್ಸ್‌ನಲ್ಲಿ. ಹಾಗಾಗಿ ‘ಲಿನಕ್ಸ್‌ಗೆ ವೈರಸ್ ಬರೋದಿಲ್ಲ’ ಅನ್ನುವ ಮಾತೂ ಇಲ್ಲಿ ಜಾಸ್ತಿ. ದಯವಿಟ್ಟು ಅದನ್ನು ನಂಬಿ ಕೂರಬೇಡಿ.

ಭಾವನ ಡಿಟಿಪಿ ಅಂಗಡಿಯಲ್ಲಿ ಆದದ್ದು ಇದು. ಮದುವೆ ಕಾಗದ, ಬ್ರಹ್ಮಕಲಶದ ಆಮಂತ್ರಣ ಎಲ್ಲ ಇರುವುದು ಒಂದೇ ಕಂಪ್ಯೂಟರಿನಲ್ಲಿ. ಅದನ್ನು ಸೆಟಪ್ ಮಾಡಿಕೊಟ್ಟವರು ದೂರದಿಂದಲೇ ರಿಪೇರಿ ಮಾಡಲಿಕ್ಕೆ ಅಂತ ಎಸ್‌ಎಸ್‌ಎಚ್ ತೆರೆದಿಟ್ಟು, ಸುಲಭದ ಪಾಸ್‌ವರ್ಡ್ ಹಾಕಿ ಹೋಗಿದ್ದರು. ಮೊದಲೆಲ್ಲ ಮಳೆಗಾಲದಲ್ಲಿ ಕರೆಂಟ್ ಹೋದರೆ ಕೆಲಸ ಸೇವ್ ಮಾಡಿ ಬಂದ್ ಮಾಡುವಷ್ಟು ಹೊತ್ತು ಯುಪಿಎಸ್ ನಿಲ್ಲುತ್ತಿತ್ತು. ಆಮೇಲಾಮೇಲೆ ಬೀಪ್ ಶುರುವಾಗುವಷ್ಟರಲ್ಲೇ ಆಫ್. ಯಾರೂ ಮುಟ್ಟದಿದ್ದರೂ ಫ್ಯಾನ್ ಜೋರಾಗಿ ತಿರುಗುತ್ತಿತ್ತು.

ಹೊತ್ತುಹೊತ್ತಿಗೆ ತಾನಾಗಿ ಓಡಬೇಕಾದ ಕೆಲಸಗಳ ಪಟ್ಟಿ ಇರುವ ಕ್ರಾನ್‌ಟ್ಯಾಬ್ ಫೈಲ್ ತೆರೆದರೆ ಗುರುತಿಲ್ಲದ ಒಂದು ಸಾಲು. ಅಳಿಸಿದರೆ ಸ್ವಲ್ಪ ಹೊತ್ತಿಗೆ ಮತ್ತೆ ಹಾಜರ್! ಫೈಲ್ ಬದಲಾದರೆ ತಿಳಿಸುವ ಐನೋಟಿಫೈವೇಟ್ ಕಮಾಂಡ್ ಹಾಕಿ ನೋಡಿದೆವು. ಫೈಲ್ ಬದಲಾಯಿತು ಅಂದಿತು, ಬದಲಾಯಿಸಿದ್ದು ಯಾರು ಅನ್ನಲಿಲ್ಲ. ಅದು ಬಳಸುವ ಐನೋಟಿಫೈ ಕೊಡುವ ಮಾಹಿತಿಯಲ್ಲಿ ಪ್ರೋಸೆಸ್ (ಓಡುತ್ತಿರುವ ಪ್ರೋಗ್ರಾಮ್) ನಂಬರೇ ಇರುವುದಿಲ್ಲ. ಎಲ್‌ಎಸ್‌ಓಎಫ್ ಕಮಾಂಡ್ ಕೂಡ ಸಾಲದು. ಅದು ತೋರಿಸುವುದು ಆ ಹೊತ್ತಿಗೆ ತೆರೆದಿರುವ ಫೈಲ್ ಮಾತ್ರ. ಬರೆದು, ಮುಚ್ಚಿ, ಹೋದವನು ಸಿಗುವುದಿಲ್ಲ.

ಕೆಲಸಕ್ಕೆ ಬಂದದ್ದು ಫ್ಯಾಟ್ರೇಸ್ ಅನ್ನುವ ಕಮಾಂಡ್. ರೂಟ್ ಆಗಿ, ಅಂದರೆ ಪೂರ್ತಿ ಅಧಿಕಾರದ ಬಳಕೆದಾರನಾಗಿ ಓಡಿಸಬೇಕು. ಒಳಗೆ ಐನೋಟಿಫೈ ಬದಲು ಫ್ಯಾನೋಟಿಫೈ ಬಳಸುವುದರಿಂದ ಪ್ರೋಸೆಸ್ ಹೆಸರು, ನಂಬರ್, ಫೈಲ್ ಮೂರೂ ಒಂದೇ ಸಾಲಲ್ಲಿ ಸಿಗುತ್ತವೆ. ಬಂದ ಹೆಸರು ‘ಕೆವರ್ಕರ್’. ಲಿನಕ್ಸ್‌ನ ತಿರುಳಾದ ಕರ್ನಲ್‌ನದ್ದೇ ಇರಬೇಕು ಅಂತ ಬಿಟ್ಟುಬಿಡಬೇಕು ಅನಿಸುವ ಹೆಸರು, ಅಲ್ವಾ? ಅದಕ್ಕೇ ಅದನ್ನು ಇಟ್ಟಿರುತ್ತಾರೆ. ನಿಜವಾದ ಕೆವರ್ಕರ್‌ನ ಪೇರೆಂಟ್ (ಅದನ್ನು ಹುಟ್ಟಿಸಿದ ಪ್ರೋಸೆಸ್) ನಂಬರ್ 2 ಇರುತ್ತದೆ, ಓಡುತ್ತಿರುವ ಪ್ರೋಸೆಸ್‌ಗಳ ವಿವರ ಸಿಗುವ ಪ್ರಾಕ್ ಫೋಲ್ಡರಿನಲ್ಲಿ, ಪ್ರೋಗ್ರಾಮ್ ಫೈಲ್ ಯಾವುದೆಂದು ತೋರಿಸುವ ಅದರ ಎಕ್ಸ್‌ಇ ಲಿಂಕ್ ಯಾವ ಫೈಲನ್ನೂ ತೋರಿಸುವುದಿಲ್ಲ. ನಮ್ಮದರ ಲಿಂಕ್ ಡೆವ್ ಎಸ್‌ಎಚ್‌ಎಂ (ಮೆಮೊರಿಯಲ್ಲೇ ಇರುವ ತಾತ್ಕಾಲಿಕ ಫೋಲ್ಡರು) ಒಳಗಿನ ಒಂದು ಫೈಲಿಗೆ ಹೋಗುತ್ತಿತ್ತು, ಪಕ್ಕದಲ್ಲಿ ‘ಡಿಲೀಟೆಡ್’ ಅಂತ. ಅದು ಕ್ರಿಪ್ಟೋ ಮೈನರ್, ಅಂದರೆ ನಮ್ಮ ಕಂಪ್ಯೂಟರನ್ನು ದುಡಿಸಿ ಬೇರೆಯವರಿಗೆ ಕ್ರಿಪ್ಟೋ ಹಣ ಗಳಿಸಿಕೊಡುವ ಪ್ರೋಗ್ರಾಮ್. ಫ್ಯಾನ್ ಜೋರಾದದ್ದು, ಯುಪಿಎಸ್ ನಿಲ್ಲದೆ ಹೋದದ್ದು ಇದರಿಂದಲೇ.

ಕ್ಷಣದಲ್ಲಿ ಹುಟ್ಟಿ ಸಾಯುವ ಪ್ರೋಸೆಸ್ ಆದರೆ ಫ್ಯಾಟ್ರೇಸ್‌ಗೆ ಹೆಸರು ಸಿಗದೆ ಹೋಗಬಹುದು. ಅಲ್ಲಿ ಬೇಕಾದ್ದು ಹೇಳಿದ ಫೈಲುಗಳನ್ನು ಸದಾ ಕಾದು ದಾಖಲಿಸುವ ಆಡಿಟ್‌ಡಿ. ಪ್ರೋಗ್ರಾಮಿನ ಪೂರ್ತಿ ದಾರಿ, ಅದನ್ನು ಹುಟ್ಟಿಸಿದ ಪೇರೆಂಟ್‌ನ ನಂಬರ್ ಎಲ್ಲ ಬರೆದಿಡುತ್ತದೆ. ಆದರೆ ನಿಯಮ ಹಾಕಿದ ಮೇಲೆ ನಡೆದದ್ದು ಮಾತ್ರ. ಅದಕ್ಕೇ ಎಲ್ಲ ಸರಿ ಇರುವಾಗಲೇ ಕ್ರಾನ್ ಫೋಲ್ಡರು, ಎಸ್‌ಎಸ್‌ಎಚ್ ಫೋಲ್ಡರುಗಳ ಮೇಲೆ ಕಾವಲು ಹಾಕಿಡಿ. ನಿಯಮವನ್ನು ಆಡಿಟ್‌ನ ರೂಲ್ಸ್ ಡಿ ಫೋಲ್ಡರಿನಲ್ಲಿ ಬರೆಯಿರಿ, ಇಲ್ಲದಿದ್ದರೆ ರೀಬೂಟ್ ಆದ ಕೂಡಲೇ ಹೋಗುತ್ತದೆ.

ಪ್ರೋಸೆಸ್ ಕೊಂದು ಸುಮ್ಮನಾಗಬೇಡಿ. ಡಿಸೈನ್ ಫೈಲುಗಳನ್ನು ಮಾತ್ರ ತೆಗೆದಿಟ್ಟು ಇಡೀ ಸಿಸ್ಟಮ್ ಹೊಸದಾಗಿ ಹಾಕಿದೆವು. ಪಾಸ್‌ವರ್ಡ್ ಬದಲಿಸಿದರೆ ಸಾಕು ಅನ್ನುವವರು ಪಾಸ್‌ವರ್ಡ್ ಇಲ್ಲದೆ ಎಸ್‌ಎಸ್‌ಎಚ್‌ನಲ್ಲಿ ಒಳಬಿಡುವ ಕೀಗಳ ಪಟ್ಟಿಯಾದ ಆಥರೈಸ್ಡ್ ಕೀಸ್ ಫೈಲನ್ನೂ ಒಮ್ಮೆ ತೆರೆದು ನೋಡಿ. ನಮ್ಮಲ್ಲಿ ಯಾರದೋ ಕೀ ಅದರಲ್ಲಿ ಕೂತಿತ್ತು. ಪಾಸ್‌ವರ್ಡ್ ಎಷ್ಟು ಸಲ ಬದಲಿಸಿದರೂ ಅವರು ಆ ಕೀಯಿಂದ ಒಳಗೆ ಬರಬಹುದಿತ್ತು.