3ಸಿ ಮೌತ್‌ಪೀಸ್: ಹಲವು ವರ್ಷ ಊದಿದ ಮೇಲಿನ ಅಭಿಪ್ರಾಯ

ವಿರಾಜಪೇಟೆ ಕಡೆಯ ಬ್ಯಾಂಡ್ ತಂಡವೊಂದರಲ್ಲಿ ಟ್ರಂಪೆಟ್ ನುಡಿಸುವ ನಾನು, ವಾದ್ಯದ ಜೊತೆಗೇ ಬಂದಿದ್ದ 7ಸಿ ಮೌತ್‌ಪೀಸನ್ನು (ತುಟಿಯಿಟ್ಟು ಊದುವ ಬಿಡಿ ಭಾಗವನ್ನು) ಬಿಟ್ಟು ಬಾಕ್ ಕಂಪನಿಯ 3ಸಿಯನ್ನು ಕೊಂಡು ಹಲವು ವರ್ಷಗಳಾದವು. ಕಂಪನಿಯ ಪಟ್ಟಿಯಲ್ಲಿ 7ಸಿಯ ಕಪ್, ಅಂದರೆ ಊದುವ ಕಡೆಯ ಬಟ್ಟಲಿನ, ವ್ಯಾಸ 16.20 ಮಿಲಿಮೀಟರ್, 3ಸಿಯದು 16.30. ಇಷ್ಟು ಸಣ್ಣ ಅಂತರಕ್ಕೆ ದುಡ್ಡು ಸುರಿಯಬೇಕೇ ಎಂದು ತಂಡದ ಹಿರಿಯರು ಕೇಳಿದ್ದರು. ಆದರೆ ತುಟಿಗೆ ತಿಳಿಯುವುದು ವ್ಯಾಸವೊಂದೇ ಅಲ್ಲ. ತುಟಿ ಕೂರುವ ಸುತ್ತಂಚು, ಅಂದರೆ ರಿಮ್, ಎಷ್ಟು ದುಂಡಗಿದೆ, ಅದರ ಒಳ ಅಂಚು ತುಟಿಯನ್ನು ಎಲ್ಲಿ ಒತ್ತುತ್ತದೆ ಎಂಬುದೂ ಅಷ್ಟೇ ಮುಖ್ಯ.

ಮಡಿಕೇರಿ ದಸರಾದಲ್ಲಿ ದಶಮಂಟಪಗಳ ಮೆರವಣಿಗೆ ವಿಜಯದಶಮಿಯ ರಾತ್ರಿಯಿಡೀ ನಡೆಯುತ್ತದೆ. ನಡೆಯುತ್ತ, ನಿಲ್ಲುತ್ತ, ಚಳಿಯಲ್ಲಿ ಮತ್ತೆ ಮತ್ತೆ ಊದಬೇಕಾದ ಅಂಥ ರಾತ್ರಿಯಲ್ಲಿ ಬೆಳಗಿನ ಜಾವದ ಹೊತ್ತಿಗೂ ನನ್ನ ತುಟಿ ಮರಗಟ್ಟದೆ, ಮೇಲಿನ ಸ್ವರಗಳು ಒಡೆಯದೆ ಬಂದದ್ದು 3ಸಿಯಿಂದ ನನಗೆ ದೊರೆತ ದೊಡ್ಡ ಸಂತೋಷ. ಸ್ನೇಹಿತರೊಬ್ಬರ 1½ಸಿಯನ್ನೂ ಊದಿ ನೋಡಿದ್ದೇನೆ. ಅದರ ವ್ಯಾಸ 17.00 ಮಿಲಿಮೀಟರ್. ಕೆಳಗಿನ ಸ್ವರಗಳು ತುಂಬಿಕೊಂಡು ಕೇಳುತ್ತವೆ, ಆದರೆ ದಿನವೂ ಗಂಟೆಗಟ್ಟಲೆ ಅಭ್ಯಾಸ ಮಾಡಲಾಗದ ನನ್ನಂಥವರ ತುಟಿ ಬೇಗ ಸೋಲುತ್ತದೆ.

ನಮ್ಮ ಕಡೆಯ ಬೆಳಗಿನ ಚಳಿಗೆ ಲೋಹ ತುಟಿಗೆ ತಾಗಿದರೆ ನೋವಾಗುವಷ್ಟು ತಣ್ಣಗಿರುತ್ತದೆ. ಹಾಗಾಗಿ ಕಾಫಿ ಕುಡಿದು ಮುಗಿಸುವವರೆಗೆ ಮೌತ್‌ಪೀಸನ್ನು ಮುಷ್ಟಿಯಲ್ಲಿ ಹಿಡಿದು ಬೆಚ್ಚಗಾಗಿಸುತ್ತೇನೆ, ಬಾಯಿ ಮುಕ್ಕಳಿಸಿಕೊಂಡು ಅದೊಂದನ್ನೇ ತುಟಿಗಿಟ್ಟು ಮೆಲ್ಲಗೆ ಝೇಂಕರಿಸುತ್ತೇನೆ, ಆಮೇಲೆ ವಾದ್ಯಕ್ಕೆ ಸೇರಿಸಿ ತುಸುವೇ ತಿರುಗಿಸುತ್ತೇನೆ. ಅಂಗೈಯಿಂದ ಗುದ್ದಿ ಕೂರಿಸಿದರೆ ಕೊಳವೆಯಲ್ಲಿ ಸಿಕ್ಕಿಕೊಳ್ಳುತ್ತದೆ, ತೆಗೆಯಲು ಬೇರೆ ಸಾಧನವೇ ಬೇಕಾಗುತ್ತದೆ. ಸಂಜೆ ಉಗುರುಬೆಚ್ಚಗಿನ ನೀರಿನಲ್ಲಿ ಸಣ್ಣ ಬ್ರಷ್ ಹಾಕಿ ತೊಳೆದು, ಹತ್ತಿ ಬಟ್ಟೆಯಿಂದ ಒರೆಸಿಡುತ್ತೇನೆ.

ನನ್ನ ಅಸಮಾಧಾನವೆಲ್ಲ ಸಂಖ್ಯೆಗಳ ಬಗ್ಗೆ. ಬಾಕ್ ಪದ್ಧತಿಯಲ್ಲಿ ಸಂಖ್ಯೆ ಚಿಕ್ಕದಾದಂತೆ ಕಪ್ ಅಗಲವಾಗುತ್ತದೆ, ಅಕ್ಷರ ಎ ಇಂದ ಮುಂದೆ ಹೋದಂತೆ ಆಳ ಕಡಿಮೆಯಾಗುತ್ತದೆ. ಯಮಹಾ ಕಂಪನಿಯ ಮೌತ್‌ಪೀಸುಗಳಲ್ಲಿ ಎರಡೂ ತಿರುವುಮುರುವು. ಅಲ್ಲಿ 11ಬಿ4ಗಿಂತ 14ಬಿ4 ಅಗಲವಾದದ್ದು, ಕೊನೆಯ ಅಂಕಿ ರಿಮ್ಮಿನ ಆಕಾರವನ್ನು ಹೇಳುತ್ತದೆ. ಹೊಸಬರು ಇದನ್ನು ಹೇಗೆ ತಿಳಿದುಕೊಳ್ಳಬೇಕು? ಇದಕ್ಕಿಂತ ಬೇಸರದ ಸಂಗತಿಯೆಂದರೆ, ತಂಡದ ಹುಡುಗನಿಗೆಂದು ಆನ್‌ಲೈನಿನಲ್ಲಿ ತರಿಸಿದ, ಕಂಪನಿಯ ಹೆಸರೇ ಇಲ್ಲದ ಅಗ್ಗದ ಮೌತ್‌ಪೀಸಿನ ಮೇಲೂ 3ಸಿ ಎಂದೇ ಕೆತ್ತಿತ್ತು. ಅದರ ಒಳ ಅಂಚು ಹರಿತವಾಗಿದ್ದು, ಒಂದೇ ಮದುವೆಯ ಕಾರ್ಯಕ್ರಮದಲ್ಲಿ ಅವನ ತುಟಿಯ ಮೇಲೆ ಕೆಂಪು ಗೀರು ಮೂಡಿತು. ಮಾರಿದವರು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಆದ್ದರಿಂದ ಕೆತ್ತಿದ ಸಂಖ್ಯೆಯನ್ನು ನಂಬಿ ತರಿಸುವ ಬದಲು, ಸ್ವಂತ ವಾದ್ಯವನ್ನು ಮೈಸೂರಿಗೋ ಬೆಂಗಳೂರಿಗೋ ಒಯ್ದು, ತುಟಿ ದಣಿಯುವವರೆಗೂ ಊದಿ ನೋಡಿದ ಮೇಲೆಯೇ ಕೊಳ್ಳುವುದು ಒಳ್ಳೆಯದು; ಐದು ನಿಮಿಷದಲ್ಲಿ ಎಲ್ಲವೂ ಚೆನ್ನಾಗಿಯೇ ಕೇಳುತ್ತದೆ. ಕಲಿಯಲು ತೊಡಗಿದವರು 7ಸಿಯನ್ನು ಅವಸರದಿಂದ ಬಿಡಬೇಕಾಗಿಲ್ಲ. ನನ್ನ 3ಸಿಯ ಬೆಳ್ಳಿ ಲೇಪ ಮಳೆಗಾಲದಲ್ಲಿ ಕಪ್ಪಾಗುತ್ತದೆ, ಅದು ಬೆಳ್ಳಿಯ ಗುಣ, ಉಜ್ಜಿದರೆ ಹೋಗುತ್ತದೆ. ಚಿನ್ನದ ಲೇಪದ್ದನ್ನು ಕೊಳ್ಳುವಷ್ಟು ಹಣ ನನ್ನಲ್ಲಿಲ್ಲ, ಇದನ್ನು ಬದಲಾಯಿಸುವ ಯೋಚನೆಯೂ ಇಲ್ಲ.