ಕಲಬುರಗಿ ಬಿಸಿಲಿನಲ್ಲಿ ಮೂರು ಬಗೆಯ ಬ್ಯಾಟರಿ

ನಮ್ಮ ಸಂಸ್ಥೆಯ ಆವರಣ ಕಲಬುರಗಿಯ ಹೊರವಲಯದಲ್ಲಿದೆ. ಗೇಟಿನಿಂದ ಕೊನೆಯ ಕಟ್ಟಡದವರೆಗೆ ಏಪ್ರಿಲ್ ಬಿಸಿಲಿನಲ್ಲಿ ನಡೆಯುವುದು ವಯಸ್ಸಾದವರಿಂದ ಆಗದ ಮಾತು. ಅದಕ್ಕಾಗಿ ಮೂರು ಗಾಲ್ಫ್ ಕಾರ್ಟ್‌ಗಳಿವೆ. ಗಾಲ್ಫ್ ಆಡುವವರು ಮಾತ್ರ ಇಲ್ಲಿ ಯಾರೂ ಇಲ್ಲ. ಮೂರೂ 48 ವೋಲ್ಟಿನ ಗಾಡಿಗಳು. ಒಂದಕ್ಕೆ ಸೀಸದ ಬ್ಯಾಟರಿ, ಒಂದಕ್ಕೆ ಎನ್‌ಎಂಸಿ (ನಿಕಲ್-ಮ್ಯಾಂಗನೀಸ್-ಕೋಬಾಲ್ಟ್ ಬಗೆಯ) ಲಿಥಿಯಂ, ಇನ್ನೊಂದಕ್ಕೆ ಎಲ್‌ಎಫ್‌ಪಿ (ಕಬ್ಬಿಣ-ಫಾಸ್ಫೇಟ್ ಬಗೆಯ) ಲಿಥಿಯಂ. ಅವುಗಳ ಉಸ್ತುವಾರಿ ನನ್ನದು. ಸೀಸವೋ ಲಿಥಿಯಮ್ಮೋ ಎಂದು ಕೇಳುವವರಿಗೆ ನಾನು ಹೇಳುವುದಿಷ್ಟು: ಯಾವ ಲಿಥಿಯಂ, ಯಾವ ಚಾರ್ಜರ್, ಯಾವ ಹೊತ್ತಿನಲ್ಲಿ ಚಾರ್ಜಿಂಗ್ ಎಂಬುದನ್ನು ಮೊದಲು ತೀರ್ಮಾನಿಸಿ.

ಸೀಸದ ಗಾಡಿಯಲ್ಲಿ 8 ವೋಲ್ಟಿನ ಆರು ಬ್ಯಾಟರಿಗಳಿವೆ. ಒಂದೊಂದೂ ಹತ್ತಿರ ಹತ್ತಿರ 30 ಕಿಲೋ ತೂಗುತ್ತದೆ. ಕೊಳ್ಳುವಾಗ ಅಗ್ಗ, ಕೆಟ್ಟರೆ ಊರಿನ ಯಾವ ಬ್ಯಾಟರಿ ಅಂಗಡಿಯವನಿಗೂ ಅದರ ಒಳಗು ಗೊತ್ತು, ಸತ್ತ ಮೇಲೂ ಗುಜರಿಯಲ್ಲಿ ಬೆಲೆ ಉಂಟು. ಆದರೆ ಅದರ ಚಾಕರಿಗೆ ಕೊನೆಯಿಲ್ಲ. ಬೇಸಿಗೆಯಲ್ಲಿ ನೀರು ಬೇಗ ಇಳಿಯುತ್ತದೆ. ಸುಣ್ಣದ ಕಲ್ಲಿನ ಈ ಸೀಮೆಯ ಬೋರ್‌ವೆಲ್ ನೀರನ್ನು ಹಾಕಿದರೆ ಒಳಗಿನ ಪ್ಲೇಟುಗಳು ಹಾಳಾಗುತ್ತವೆ. ಡಿಸ್ಟಿಲ್ಡ್ ವಾಟರೇ ಬೇಕು. ಆಸಿಡ್ ತೊಟ್ಟಿಕ್ಕಿದಲ್ಲೆಲ್ಲ ಶೆಡ್ಡಿನ ಶಹಾಬಾದ್ ಕಲ್ಲು ನೊರೆಯೆದ್ದು ಬೆಳ್ಳಗಾಗಿದೆ. ಅರ್ಧಕ್ಕಿಂತ ಹೆಚ್ಚು ಖಾಲಿ ಮಾಡುತ್ತ ಹೋದರೆ ಆಯುಷ್ಯ ಕುಗ್ಗುತ್ತದೆ. ಬ್ಯಾಟರಿಯ ಬಿಸಿ ಹತ್ತು ಡಿಗ್ರಿ ಹೆಚ್ಚಿದರೆ ಬಾಳಿಕೆ ಅರ್ಧಕ್ಕಿಳಿಯುತ್ತದೆ ಎಂಬುದು ಈ ಕಸುಬಿನ ಹಳೆಯ ಲೆಕ್ಕ; ಮೇ ತಿಂಗಳಲ್ಲಿ 42-43 ಡಿಗ್ರಿ ಮುಟ್ಟುವ ಊರಿಗೆ ಇದು ಸಣ್ಣ ಮಾತಲ್ಲ. "ಮುಂಜಾನೆ ಕುದುರೆ, ಮಧ್ಯಾಹ್ನ ಕತ್ತೆ ನೋಡಿ ಸರ್" ಎಂದು ಈ ಗಾಡಿಯ ಚಾಲಕ ದಿನವೂ ಗೊಣಗುತ್ತಾನೆ.

ಎನ್‌ಎಂಸಿ ಹಗುರ, ಎಳೆತವೂ ಜೋರು. ನನಗೆ ಮಾತ್ರ ಅದು ಒಗ್ಗಲಿಲ್ಲ. ಹಗುರವಾಗಿರುವುದು ಸ್ಕೂಟರಿಗೆ ಮುಖ್ಯ. ನೆಲ ಬಿಟ್ಟೇಳದೆ ನಿಧಾನವಾಗಿ ಸಾಗುವ ಕಾರ್ಟಿಗೆ ಅದರಿಂದ ಹೆಚ್ಚಿನ ಲಾಭವಿಲ್ಲ. ತುಂಬಿ ಚಾರ್ಜ್ ಮಾಡಿ ಬಿಸಿಲಲ್ಲಿ ನಿಲ್ಲಿಸಿದರೆ ಬೇಗ ಮುದಿಯಾಗುತ್ತದೆ, ಆದ್ದರಿಂದ ಶೇ. 80ಕ್ಕೇ ನಿಲ್ಲಿಸುತ್ತೇವೆ. ಸೆಲ್ ಕೆಟ್ಟು ಕಾದರೆ ಬೆಂಕಿಯ ಅಪಾಯವೂ ಎಲ್‌ಎಫ್‌ಪಿಗಿಂತ ಹೆಚ್ಚು.

ಎಲ್‌ಎಫ್‌ಪಿ ನನ್ನ ಆಯ್ಕೆ. 3.2 ವೋಲ್ಟಿನ 16 ಸೆಲ್ಲುಗಳ ಸಾಲು, ಒಟ್ಟು 51.2 ವೋಲ್ಟ್. ಸೀಸದ ಬೆಲೆಯ ದುಪ್ಪಟ್ಟಿಗೂ ಹೆಚ್ಚು ಕೊಟ್ಟಿದ್ದೇವೆ. ಆದರೆ ಸೀಸದ್ದು ಕೆಲವು ನೂರು ಸಲದ ಚಾರ್ಜಿಗೆ ಸೋಲುವಲ್ಲಿ ಇದು ಎರಡು ಸಾವಿರ ದಾಟಬಲ್ಲದು. ನೀರಿಲ್ಲ, ಆಸಿಡ್ ಇಲ್ಲ, ಸಂಜೆಯವರೆಗೂ ಎಳೆತ ಒಂದೇ ಸಮ. ಈ ಒಂದೇ ಸಮವೇ ಒಂದು ತೊಡಕು ಕೂಡ. ವೋಲ್ಟೇಜ್ ಕೊನೆಯವರೆಗೂ ಹೆಚ್ಚು ಇಳಿಯದ ಕಾರಣ ಸೀಸಕ್ಕೆಂದು ಮಾಡಿದ ಹಳೆಯ ಮೀಟರ್ ತುಂಬಿದೆ ಎಂದೇ ತೋರಿಸುತ್ತಿರುತ್ತದೆ. ಆಮೇಲೆ ಬಿಎಂಎಸ್, ಅಂದರೆ ಬ್ಯಾಟರಿಯನ್ನು ಕಾಯುವ ಎಲೆಕ್ಟ್ರಾನಿಕ್ ವ್ಯವಸ್ಥೆ, ಒಮ್ಮೆಗೇ ಕರೆಂಟ್ ಕತ್ತರಿಸುತ್ತದೆ, ಗಾಡಿ ನಡುದಾರಿಯಲ್ಲೇ ನಿಲ್ಲುತ್ತದೆ. ಒಳಹೋದ, ಹೊರಬಂದ ಕರೆಂಟನ್ನು ಎಣಿಸುವ ಶಂಟ್ ಮೀಟರ್ ಹಾಕಿಸಿದ ಮೇಲೆ ಈ ಕಾಟ ತಪ್ಪಿತು. ಹಳೆಯ ಚಾರ್ಜರನ್ನೂ ತೆಗೆದಿಟ್ಟೆವು, ಇದಕ್ಕೆ 58.4 ವೋಲ್ಟಿಗೆ ನಿಲ್ಲುವ ಚಾರ್ಜರೇ ಬೇಕು.

ಬಿಸಿಲಿನ ಪಾಠ ಇದಕ್ಕೂ ತಪ್ಪಿದ್ದಲ್ಲ. ಸಾಮಾನ್ಯವಾಗಿ ಸೆಲ್ 45 ಡಿಗ್ರಿ ದಾಟಿದರೆ ಚಾರ್ಜ್ ಮಾಡಬಾರದು, ಬಿಎಂಎಸ್ ಕೂಡ ಬಿಡುವುದಿಲ್ಲ. ತಗಡಿನ ಶೆಡ್ಡಿನಲ್ಲಿ, ಆಗಷ್ಟೇ ಓಡಿ ಬಂದ ಗಾಡಿಗೆ ಮೇ ಮಧ್ಯಾಹ್ನ ಚಾರ್ಜರ್ ಸಿಕ್ಕಿಸಿದರೆ ದೀಪ ಉರಿಯುತ್ತದೆ, ಕರೆಂಟ್ ಹರಿಯುವುದಿಲ್ಲ. ಈಗ ಚಾರ್ಜಿಂಗ್ ಏನಿದ್ದರೂ ನಸುಕಿನಲ್ಲಿ. ಆಗಾಗ ಪೂರ್ತಿ ತುಂಬಿಸುತ್ತೇವೆ. ಸೆಲ್ಲುಗಳು ಸರಿಸಮಕ್ಕೆ ಬರಲು ಅದು ಬೇಕು. ದೀರ್ಘ ರಜೆಗೆ ಮಾತ್ರ ಅರ್ಧ ಚಾರ್ಜಿನಲ್ಲಿಟ್ಟು ಮೇನ್ ಸ್ವಿಚ್ ಆಫ್ ಮಾಡುತ್ತೇವೆ. ಸೀಸದ್ದಕ್ಕೆ ಇದು ತಿರುಗುಮುರುಗು: ತುಂಬಿಸಿಯೇ ಇಡಬೇಕು, ಇಲ್ಲದಿದ್ದರೆ ಪ್ಲೇಟಿಗೆ ಸಲ್ಫೇಟ್ ಕಟ್ಟಿಕೊಳ್ಳುತ್ತದೆ.

ವಾರಕ್ಕೊಮ್ಮೆ ಅತಿಥಿಗಳಿಗಷ್ಟೇ ಗಾಡಿ ತೆಗೆಯುವವರು ಲಿಥಿಯಂಗೆ ದುಡ್ಡು ಸುರಿಯಬೇಕಿಲ್ಲ, ಸೀಸವೇ ಸಾಕು. ದಿನವಿಡೀ ಓಡಿಸುವವರು ಎಲ್‌ಎಫ್‌ಪಿ ಕೊಳ್ಳುವಾಗ ಎಷ್ಟು ಚಾರ್ಜ್ ಹಿಡಿಯುತ್ತದೆ ಎಂದು ಹೇಳುವ ಆಂಪಿಯರ್-ಅವರ್ ಅಂಕಿಯನ್ನಷ್ಟೇ ನೋಡದೆ, ಬಿಎಂಎಸ್ ನಿರಂತರವಾಗಿ ಎಷ್ಟು ಆಂಪಿಯರ್ ಬಿಡುತ್ತದೆ ಎಂಬುದನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಿ. ನಮಗೆ ಮೊದಲು ಬಂದ ಪ್ಯಾಕಿನ ಬಿಎಂಎಸ್ 100 ಆಂಪಿಯರಿನದು. ಸಮನೆಲದಲ್ಲಿ ಏನೂ ತಿಳಿಯಲಿಲ್ಲ. ಸೀಟು ತುಂಬ ಜನರೊಂದಿಗೆ ಸಭಾಂಗಣದ ಇಳಿಜಾರು ಹತ್ತುವಾಗ ಆಫ್ ಆಯಿತು. ಮಾರಿದವರು ತಕರಾರು ಮಾಡದೆ 200 ಆಂಪಿಯರಿನದನ್ನು ಕೊಟ್ಟರು, ವ್ಯತ್ಯಾಸದ ಹಣ ಮಾತ್ರ ಬಿಡಲಿಲ್ಲ.