ಬಾಡಿಗೆ ಕರಾರು ಬರೆಸೋರು ಇವರ ಹತ್ರ ಹೋಗ್ರಿ

ಕಲಬುರಗಿ ಸೂಪರ್ ಮಾರ್ಕೆಟ್ ಕಡೆ ಒಬ್ಬ ಪತ್ರ ಬರಹಗಾರರ ಹತ್ರ ನನ್ನ ಹೊಲಿಗೆ ಅಂಗಡಿಯ ಬಾಡಿಗೆ ಕರಾರು ಬರೆಸಿದೆ. ಹಿಂದಿನ ಕರಾರಿನ್ಯಾಗ "ಸೂಕ್ತ ಸಮಯದಲ್ಲಿ ಡಿಪಾಜಿಟ್ ವಾಪಸ್" ಅಂತಿತ್ತು. ಆ ಒಂದು ಮಾತಿನಿಂದ ನನ್ನ 40,000 ರೂಪಾಯಿ ಎಂಟು ತಿಂಗಳು ಸಿಕ್ಕೊಂಡಿತ್ತು. ಇವರು ಅದನ್ನ ಕೇಳಿ "ಕೀಲಿ ಕೊಟ್ಟ 15 ದಿನದೊಳಗೆ" ಅಂತ ಬರೆದ್ರು. ಮೊತ್ತ ಅಂಕಿಯಲ್ಲೂ ಅಕ್ಷರದಲ್ಲೂ ಅದ. ಒಂದೇ ಜಾಗಕ್ಕ ಒಂದ್ಕಡೆ ಮಳಿಗೆ, ಇನ್ನೊಂದ್ಕಡೆ ಅಂಗಡಿ ಅಂತ ಬರೆಯೋ ಗೊಂದಲ ಇಲ್ಲ. ಮೂರು ವರ್ಷಕ್ಕ ಬರೆಸ್ತೀನಂದಾಗ, ಒಂದು ವರ್ಷ ಮೀರಿದ್ರ 1908ರ ನೋಂದಣಿ ಕಾಯ್ದೆ ಪ್ರಕಾರ ರಿಜಿಸ್ಟರ್ ಮಾಡಿಸಲೇಬೇಕು ಅಂತ ಮೊದಲೇ ಹೇಳಿದ್ರು. ಸಹಿಗೆ ಮುಂಚೆ ಮಾಲೀಕರು, ನಾನು ಇಬ್ಬರನ್ನೂ ಕೂಡ್ರಿಸಿ ಪೂರ್ತಿ ಓದಿ ಹೇಳಿದ್ದು ನನಗ ಭಾಳ ಸೇರ್ತು. ಮಧ್ಯಾಹ್ನ ಗದ್ದಲ ಇರ್ತದ, ಮುಂಜಾನೆ ಹೋಗ್ರಿ.